ಚಿಕ್ಕಮಗಳೂರು ಜಿಲ್ಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನವರು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಮುಳ್ಳಯ್ಯನಗಿರಿ ಬಗ್ಗೆ, ಇಲ್ಲವೇ ಯಾವ ಹೋಂಸ್ಟೇ ಚೆನ್ನಾಗಿದೆ ಅಂತ. ಎರಡಕ್ಕೂ ಇಲ್ಲಿ ಉತ್ತರ ಇದೆ. ಆದರೆ ಈ ಜಿಲ್ಲೆಯಲ್ಲಿ ಬೆಟ್ಟವೂ ಇದೆ, ಬಯಲೂ ಇದೆ. ಕಾಫಿಯವರ ಕಷ್ಟ ಬೇರೆ, ಅಡಿಕೆಯವರ ಕಷ್ಟ ಬೇರೆ, ರಾಗಿ ಬಿತ್ತುವವರದ್ದು ಇನ್ನೂ ಬೇರೆ. ಅದನ್ನು ಬಿಟ್ಟು ಬರೀ ಮಂಜು ತೋರಿಸಿದರೆ ಜಿಲ್ಲೆ ಅರ್ಥವಾಗುವುದಿಲ್ಲ. ಹಾಗಾಗಿ ಉತ್ತರಗಳು ಕೆಲವು ಕಡೆ ಉದ್ದ ಆಗಿವೆ.

ಪ್ರಶ್ನೆ: ಜಿಲ್ಲೆ ಎಲ್ಲಿದೆ? ಎಷ್ಟು ದೊಡ್ಡದು?

ಉತ್ತರಕ್ಕೆ ಶಿವಮೊಗ್ಗ ಮತ್ತು ದಾವಣಗೆರೆ, ಪೂರ್ವಕ್ಕೆ ಚಿತ್ರದುರ್ಗ ಮತ್ತು ತುಮಕೂರು, ದಕ್ಷಿಣಕ್ಕೆ ಹಾಸನ, ಪಶ್ಚಿಮಕ್ಕೆ ದಕ್ಷಿಣ ಕನ್ನಡ ಮತ್ತು ಉಡುಪಿ. ವಿಸ್ತೀರ್ಣ ಸುಮಾರು 7,200 ಚದರ ಕಿಲೋಮೀಟರ್. ಒಂಬತ್ತು ತಾಲ್ಲೂಕು: ಚಿಕ್ಕಮಗಳೂರು, ಕಡೂರು, ತರೀಕೆರೆ, ಅಜ್ಜಂಪುರ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಕೊನೆಯದನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಎನ್.ಆರ್.ಪುರ ಅಂದರೆ ಸಾಕು.

1947ರವರೆಗೆ ಇದಕ್ಕೆ ಕಡೂರು ಜಿಲ್ಲೆ ಅಂತಲೇ ಹೆಸರಿತ್ತು. ಹಳೆಯ ಗೆಜೆಟಿಯರ್, ಶಾಸನ ಸಂಪುಟಗಳಲ್ಲಿ ಹುಡುಕುವವರು ಕಡೂರು ಅಂತ ನೋಡಬೇಕು.

ಪ್ರಶ್ನೆ: ಜನಸಂಖ್ಯೆ ಎಷ್ಟು?

2011ರ ಜನಗಣತಿಯಲ್ಲಿ 11.38 ಲಕ್ಷ. ಗಮನಿಸಬೇಕಾದ ವಿಷಯ ಏನೆಂದರೆ, 2001ರ ಲೆಕ್ಕಕ್ಕಿಂತ ಇದು ಸ್ವಲ್ಪ ಕಡಿಮೆ. ರಾಜ್ಯದ ಉಳಿದ ಕಡೆ ಜನ ಹೆಚ್ಚುತ್ತಿದ್ದಾಗ ಇಲ್ಲಿ ಇಳಿಯಿತು. ಮಲೆನಾಡಿನ ಹಳ್ಳಿಗಳಲ್ಲಿ ಓಡಾಡಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ದೊಡ್ಡ ಹೆಂಚಿನ ಮನೆ, ಒಳಗೆ ವಯಸ್ಸಾದ ಇಬ್ಬರು, ಮಕ್ಕಳು ಬೆಂಗಳೂರಿನಲ್ಲಿ. ತೋಟ ನೋಡಿಕೊಳ್ಳಲು ರೈಟರ್ ಒಬ್ಬರು. ಮಕ್ಕಳು ದೀಪಾವಳಿಗೆ, ಇಲ್ಲವೇ ಊರ ಜಾತ್ರೆಗೆ ಬಂದು ಹೋಗುತ್ತಾರೆ.

ಪ್ರಶ್ನೆ: ಇಡೀ ಜಿಲ್ಲೆ ಮಲೆನಾಡೇ ಅಲ್ವಾ?

ಅಲ್ಲ. ಶೃಂಗೇರಿ, ಕೊಪ್ಪ, ಕಳಸ, ಮೂಡಿಗೆರೆ, ಎನ್.ಆರ್.ಪುರ ಅಪ್ಪಟ ಮಲೆನಾಡು. ಕಡೂರು ಮತ್ತು ಅಜ್ಜಂಪುರ ಬಯಲುಸೀಮೆ. ಚಿಕ್ಕಮಗಳೂರು ಮತ್ತು ತರೀಕೆರೆ ತಾಲ್ಲೂಕುಗಳು ಎರಡಕ್ಕೂ ಸೇರುತ್ತವೆ. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಕಡೂರಿನಲ್ಲಿ 600 ದಾಟಿದರೆ ಒಳ್ಳೆಯ ವರ್ಷ. ಇವೆರಡರ ನಡುವಿನ ದಾರಿ ನೂರು ಚಿಲ್ಲರೆ ಕಿಲೋಮೀಟರ್, ಅಷ್ಟೇ.

ಕಾರಣ ಬೆಟ್ಟಗಳೇ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡ ಮೊದಲು ಕುದುರೆಮುಖದ ಸಾಲಿಗೆ ಬಡಿಯುತ್ತದೆ. ಅದನ್ನು ದಾಟಿ ಬಂದಿದ್ದು ಚಂದ್ರದ್ರೋಣ ಪರ್ವತಕ್ಕೆ ಬಡಿಯುತ್ತದೆ. ಬಾಬಾಬುಡನ್ ಬೆಟ್ಟಸಾಲು ಅಂತ ಕರೆಯುವುದೂ ಇದನ್ನೇ. ಕುದುರೆ ಲಾಳದ ಆಕಾರದಲ್ಲಿ ಬಾಗಿರುವ ಈ ಸಾಲಿನ ಮಡಿಲಲ್ಲಿ ಜಾಗರ ಕಣಿವೆ ಇದೆ. ಅಲ್ಲಿ ಕಾಡು, ಕಾಫಿ, ಹಳ್ಳ ಎಲ್ಲವೂ ದಟ್ಟ. ಬೆಟ್ಟದ ಆಚೆ ಬದಿಗೆ ಇಳಿದರೆ ಮೋಡದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಜುಲೈನಲ್ಲಿ ಕೊಪ್ಪದ ಶಾಲೆಗಳಿಗೆ ಮಳೆ ರಜೆ ಕೊಟ್ಟ ದಿನ ಕಡೂರಿನ ರೈತ ಆಕಾಶ ನೋಡುತ್ತಾ ಕೂತಿರುತ್ತಾನೆ. ಎರಡೂ ಸುದ್ದಿ ಒಂದೇ ಜಿಲ್ಲಾ ಪುಟದಲ್ಲಿ ಬರುತ್ತವೆ.

ಪ್ರಶ್ನೆ: ಇಲ್ಲಿ ಹುಟ್ಟುವ ನದಿಗಳು ಯಾವುವು?

ಇದು ನನಗೆ ಇಷ್ಟದ ಪ್ರಶ್ನೆ. ಕುದುರೆಮುಖ ಕಡೆಯ ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗಾ ಮತ್ತು ಭದ್ರಾ ಹುಟ್ಟುತ್ತವೆ. ತುಂಗೆ ಶೃಂಗೇರಿ ಕಡೆ ಹರಿದರೆ, ಭದ್ರೆ ಕಳಸ, ಬಾಳೆಹೊನ್ನೂರು ಸುತ್ತಿಕೊಂಡು ಹೋಗುತ್ತದೆ. ಮತ್ತೆ ಅವು ಸೇರುವುದು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ. ಅಲ್ಲಿಂದ ಮುಂದೆ ತುಂಗಭದ್ರೆಯಾಗಿ ಕೃಷ್ಣೆಗೆ ಸೇರುತ್ತವೆ. ನೇತ್ರಾವತಿಯೂ ಇದೇ ಬೆಟ್ಟಸಾಲಿನದು. ಆದರೆ ಅದು ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ.

ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹೇಮಾವತಿ ಹುಟ್ಟುತ್ತದೆ. ಅದು ಹಾಸನದ ಕಡೆ ಇಳಿದು ಕಾವೇರಿಗೆ ಸೇರುತ್ತದೆ. ಬಾಬಾಬುಡನ್ ಬೆಟ್ಟದ ಯಗಚಿಯೂ ಬೇಲೂರು ದಾಟಿ ಹೇಮಾವತಿಯನ್ನೇ ಸೇರುತ್ತದೆ. ಅದೇ ಬೆಟ್ಟದ ಪೂರ್ವದ ಇಳಿಜಾರಿನಿಂದ ವೇದಾ, ಅವತಿ ಅನ್ನುವ ಎರಡು ಹೊಳೆ ಇಳಿದು ಕಡೂರಿನ ಹತ್ತಿರ ವೇದಾವತಿ ಆಗುತ್ತವೆ. ಅದೇ ನೀರು ಮುಂದೆ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಅಂದರೆ ಇಲ್ಲಿ ಬಿದ್ದ ಮಳೆ ಕೃಷ್ಣೆಗೂ ಹೋಗುತ್ತದೆ, ಕಾವೇರಿಗೂ ಹೋಗುತ್ತದೆ, ನೇರವಾಗಿ ಪಡುವಣ ಕಡಲಿಗೂ ಹೋಗುತ್ತದೆ.

ಬಯಲಿನ ಕಡೆಯವರು ಈ ಹೊಳೆಗಳ ನೀರು ಹಿಡಿಯಲು ಹಿಂದಿನಿಂದಲೂ ಕೆರೆ ಕಟ್ಟಿದ್ದಾರೆ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ, ಬೆಟ್ಟದ ಬುಡದ ಮದಗದ ಕೆರೆ ಎರಡೂ ದೊಡ್ಡವು. ಪ್ರವಾಸಿಗರ ಪಟ್ಟಿಯಲ್ಲಿ ಅಯ್ಯನಕೆರೆ ಕೊನೆಗೆ ಬರುತ್ತದೆ. ನನ್ನ ಪಟ್ಟಿಯಲ್ಲಾದರೆ ಮೊದಲ ಐದರಲ್ಲಿ ಇರುತ್ತದೆ. ಬೆಟ್ಟ ಹಿನ್ನೆಲೆಯಲ್ಲಿ, ಎದುರಿಗೆ ನೀರು, ಏರಿಯ ಮೇಲೆ ಗಾಳಿ. ಗಲಾಟೆ ಇಲ್ಲ.

ಪ್ರಶ್ನೆ: ಅತಿ ಎತ್ತರದ ಬೆಟ್ಟ ಯಾವುದು?

ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕರ್ನಾಟಕಕ್ಕೇ ಎತ್ತರದ್ದು. ಬಾಬಾಬುಡನ್‌ಗಿರಿ ಮತ್ತು ಕುದುರೆಮುಖ ಎರಡೂ 1,890 ಮೀಟರ್ ಆಸುಪಾಸಿನವು. ವ್ಯತ್ಯಾಸ ಹತ್ತುವುದರಲ್ಲಿದೆ. ಮುಳ್ಳಯ್ಯನಗಿರಿಗೆ ವಾಹನ ಹತ್ತಿರದವರೆಗೆ ಹೋಗುತ್ತದೆ, ಉಳಿದಿದ್ದು ಮೆಟ್ಟಿಲು. ಕುದುರೆಮುಖಕ್ಕೆ ಇಡೀ ದಿನ ನಡೆಯಬೇಕು.

ಪ್ರಶ್ನೆ: ಭಾರತಕ್ಕೆ ಕಾಫಿ ಬಂದಿದ್ದು ಇಲ್ಲಿಗೇ ಅನ್ನುವುದು ನಿಜವಾ?

ಹದಿನೇಳನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರು ಅನ್ನುವುದು ಎಲ್ಲರೂ ಹೇಳುವ ಕತೆ. ಏಳು ಅನ್ನುವ ಲೆಕ್ಕವನ್ನು ನಂಬಿಕೆ ಅಂತಲೇ ಇಟ್ಟುಕೊಳ್ಳೋಣ. ಆದರೆ ದೇಶದ ಕಾಫಿಯ ಚರಿತ್ರೆ ಈ ಬೆಟ್ಟದಿಂದ ಶುರುವಾಗುತ್ತದೆ ಅನ್ನುವುದನ್ನು ಕಾಫಿ ಮಂಡಳಿಯೂ ಒಪ್ಪುತ್ತದೆ. ದೊಡ್ಡ ಎಸ್ಟೇಟ್‌ಗಳು ಬಂದಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬ್ರಿಟಿಷರ ಕಾಲದಲ್ಲಿ.

ಆಮೇಲೆ ಎಲೆ ತುಕ್ಕು ರೋಗ ಬಂತು, ಕಾಂಡ ಕೊರಕ ಹುಳು ಬಂತು. ಇವಕ್ಕೆ ಮದ್ದು ಹುಡುಕಲು 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಇವತ್ತಿಗೂ ಬೆಳೆಗಾರರ ಬಾಯಲ್ಲಿ ಇರುವ ಎಸ್.795 ತಳಿ ಅಲ್ಲಿಯದೇ, ಈಚಿನ ಚಂದ್ರಗಿರಿಯೂ ಅಲ್ಲಿಯದೇ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಬೇರೆ ಬೇರೆಯಾಗಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿತು.

ಪ್ರಶ್ನೆ: ಕಾಫಿ ತೋಟದಲ್ಲಿ ವರ್ಷವಿಡೀ ಏನು ಕೆಲಸ ಇರುತ್ತದೆ? ಹಣ್ಣು ಕುಯ್ದರೆ ಮುಗೀತಲ್ವಾ?

ಹೊರಗಿನವರಿಗೆ ಹಾಗೇ ಅನಿಸುತ್ತದೆ. ಲೆಕ್ಕ ಹೂಮಳೆಯಿಂದ ಶುರುವಾಗುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಂದು ಒಳ್ಳೆಯ ಮಳೆ ಬೀಳಬೇಕು. ಬಿದ್ದ ಒಂದು ವಾರ, ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ ಹೂವು, ಮಲ್ಲಿಗೆಯಂಥ ಪರಿಮಳ. ಮೂರು ನಾಲ್ಕು ದಿನದಲ್ಲಿ ಹೂವು ಕಂದಿಹೋಗುತ್ತದೆ. ಕೆಲವು ವಾರ ಬಿಟ್ಟು ಇನ್ನೊಂದು ಮಳೆ ಬೇಕು, ಕಾಯಿ ಕಚ್ಚಲು. ಅದಕ್ಕೆ ಬ್ಯಾಕಿಂಗ್ ಶವರ್ ಅನ್ನುತ್ತಾರೆ. ಮಳೆ ಕೈಕೊಟ್ಟರೆ ರೋಬಸ್ಟಾ ತೋಟದವರು ಹಳ್ಳದ ನೀರಿಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತಾರೆ. ಆ ದಿನಗಳಲ್ಲಿ ಮಲೆನಾಡಿನಲ್ಲಿ ಇಬ್ಬರು ಸಿಕ್ಕರೆ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತು?" ಸೆಂಟು ಅಂದರೆ ಇಲ್ಲಿ ಮಳೆಯ ಅಳತೆ, ಇಂಚಿನ ನೂರರಲ್ಲಿ ಒಂದು ಪಾಲು.

ಮುಂಗಾರಿಗೆ ಮೊದಲು ಮರಗಸಿ. ನೆರಳಿನ ಮರಗಳ ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡುವ ಕೆಲಸ ಅದು. ಎತ್ತರದ ಮರ ಹತ್ತುವವರು ಈಗ ಸಿಗುವುದೇ ಕಷ್ಟ, ಸಿಕ್ಕರೆ ಕೂಲಿಯೂ ಜಾಸ್ತಿ. ಆಮೇಲೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ, ಗೊಬ್ಬರ, ಕಳೆ, ಚಿಗುರು ತೆಗೆಯುವುದು. ಮಳೆಗಾಲದಲ್ಲಿ ಜಾಸ್ತಿ ದಿನ ನೀರು ನಿಂತರೆ ಕಾಯಿ ಕಪ್ಪಾಗಿ ಉದುರುತ್ತದೆ. ಸುಮ್ನೆ ನೋಡುತ್ತಾ ನಿಲ್ಲುವುದೊಂದೇ ದಾರಿ.

ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಜನವರಿಯಿಂದ ರೋಬಸ್ಟಾ. ಕುಯ್ಲಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ಹಿಂದೆ ಸುತ್ತಮುತ್ತಲ ಬಯಲುಸೀಮೆಯಿಂದ, ತಮಿಳುನಾಡಿನಿಂದ ಬರುತ್ತಿದ್ದರು. ಈಗ ಕೆಲಸಗಾರರ ಲೈನ್‌ಮನೆಗಳಲ್ಲಿ ಅಸ್ಸಾಮಿನವರೂ ಇದ್ದಾರೆ. ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಒಣಗಿಸಿದರೆ ಚೆರ್ರಿ. ಕಣದಲ್ಲಿ ಕಾಫಿ ಹರಡಿದ ದಿನ ಅಕಾಲ ಮಳೆ ಬಂತೋ, ಮನೆಮಂದಿಯೆಲ್ಲಾ ಟಾರ್ಪಾಲ್ ಹಿಡಿದು ಓಡಬೇಕು. ಈಚೆಗೆ ಡಿಸೆಂಬರ್‌ನಲ್ಲೂ, ಜನವರಿಯಲ್ಲೂ ಈ ಓಟ ಮಾಮೂಲಿಯಾಗುತ್ತಿದೆ. ಕಾಫಿ ಮುಗಿಯುವ ಹೊತ್ತಿಗೆ ಕಾಳುಮೆಣಸು ಕುಯ್ಲು ಕಾದಿರುತ್ತದೆ.

ಪ್ರಶ್ನೆ: ಕಾಫಿ ಬೆಳೆಗಾರರೆಲ್ಲಾ ಶ್ರೀಮಂತರಂತೆ?

ಎಸ್ಟೇಟ್ ಬಂಗಲೆ ನೋಡಿದವರ ಮಾತು ಇದು. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಹತ್ತು ಹೆಕ್ಟೇರಿಗಿಂತ ಕಡಿಮೆಯವು. ಇಲ್ಲೂ ಹಾಗೆಯೇ, ಎರಡು ಮೂರು ಎಕರೆಯವರೇ ಜಾಸ್ತಿ. ಅರೇಬಿಕಾ ಬೆಲೆ ನಿರ್ಧಾರವಾಗುವುದು ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ, ರೋಬಸ್ಟಾದ್ದು ಲಂಡನ್‌ನಲ್ಲಿ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಇಲ್ಲಿ ಬೆಲೆ ಏರುತ್ತದೆ, ವಿಯೆಟ್ನಾಂನಲ್ಲಿ ಬೆಳೆ ಚೆನ್ನಾದರೆ ಇಳಿಯುತ್ತದೆ. ಮೂಡಿಗೆರೆಯ ಹಳ್ಳಿಯ ಅಜ್ಜನಿಗೂ ಬ್ರೆಜಿಲ್‌ನ ಹವಾಮಾನ ಗೊತ್ತಿರುವುದು ಅದಕ್ಕೇ.

ಬೆಲೆ ಹೇಳುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಚೆರ್ರಿ ಮಾರುವಾಗ ಓಟಿ ನೋಡುತ್ತಾರೆ, ಅಂದರೆ ಒಂದು ಚೀಲ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಅದರಲ್ಲಿ ಒಂದೆರಡು ಅಂಕ ಹಿಂದುಮುಂದಾದರೂ ಸಣ್ಣ ಬೆಳೆಗಾರನಿಗೆ ಪೆಟ್ಟು. 2024ರಿಂದ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದು ನಿಜ. ಅದಕ್ಕೂ ಮೊದಲು ವರ್ಷಗಟ್ಟಲೆ ಕಾಫಿ ಗಿಡಕ್ಕಿಂತ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೇ ಮನೆ ನಡೆಸಿದ್ದೂ ನಿಜ.

ಪ್ರಶ್ನೆ: ಕಾಫಿ ಬಿಟ್ಟರೆ ಮಲೆನಾಡಿನವರ ಬದುಕು ಏನು?

ಅಡಿಕೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದಲ್ಲಿ ಅಡಿಕೆಯೇ ದೊಡ್ಡದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು. ಕೊನೆಗಾರ ಬಂದು ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸಬೇಕು. ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಅಂಗಳದಲ್ಲಿ ಒಣಗಿಸಬೇಕು. ಆಮೇಲೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗೊಂದು ರೇಟು.

ಶೃಂಗೇರಿ, ಕೊಪ್ಪದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದಕ್ಕೆ ಇನ್ನೂ ಪಕ್ಕಾ ಮದ್ದಿಲ್ಲ. ಮೇಲಿಂದ ಈಗ ಎಲೆಚುಕ್ಕೆ ರೋಗ. ತಮಾಷೆ ಅಂದರೆ, ಇಲ್ಲಿ ಹಳೆ ತೋಟ ಸಾಯುತ್ತಿರುವಾಗಲೇ ಕಡೂರು, ತರೀಕೆರೆ ಬಯಲಿನಲ್ಲಿ ಬೋರ್‌ವೆಲ್ ಕೊರೆದು ಹೊಸ ಅಡಿಕೆ ತೋಟ ಎಬ್ಬಿಸುತ್ತಿದ್ದಾರೆ. ಅಂತರ್ಜಲದ ಗತಿ ಏನಾಗುತ್ತದೆ ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ.

ಏಲಕ್ಕಿ ಈಗ ಮೊದಲಿನಷ್ಟಿಲ್ಲ. ಮೂಡಿಗೆರೆ ತಾಲ್ಲೂಕಿನ ಕೆಳಗೂರಿನಲ್ಲಿ ಚಹಾ ತೋಟ ಇದೆ, ಕಾಫಿ ನಾಡಿನ ನಡುವೆ ಅದೊಂದು ಅಪರೂಪ.

ಪ್ರಶ್ನೆ: ಬಯಲಿನ ಕಡೆ?

ತೆಂಗು, ರಾಗಿ, ಈರುಳ್ಳಿ, ಆಲೂಗಡ್ಡೆ. ಬೀರೂರು ಹಳೆಯ ರೈಲು ಜಂಕ್ಷನ್, ವ್ಯಾಪಾರದ ಊರು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ, ಹೈದರ್ ಮತ್ತು ಟಿಪ್ಪುವಿನ ಸೇನೆಯ ಗಾಡಿ ಎಳೆದ ತಳಿ ಅದು. ಉದ್ದನೆಯ ಚೂಪು ಕೊಂಬು, ಕೋಪ ಸ್ವಲ್ಪ ಜಾಸ್ತಿ. ಅವಕ್ಕೆ ಮೀಸಲಾದ ಹುಲ್ಲುಗಾವಲುಗಳನ್ನು ಕಾವಲು ಅನ್ನುತ್ತಾರೆ.

ಪ್ರಶ್ನೆ: ಕುದುರೆಮುಖದ ಗಣಿ ಏನಾಯಿತು?

1976ರಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರು ಮಾಡಿತು. ಇರಾನಿನ ಉಕ್ಕಿನ ಕಾರ್ಖಾನೆಗೆ ಅದಿರು ಕಳಿಸುವುದು ಮೂಲ ಯೋಜನೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಶಾ ಓಡಿಹೋದರು, ಲೆಕ್ಕ ತಲೆಕೆಳಗಾಯಿತು. ಆದರೂ ಗಣಿ ನಡೆಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಅರವತ್ತು ಚಿಲ್ಲರೆ ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಎಂಜಿನಿಯರಿಂಗ್ ಲೆಕ್ಕದಲ್ಲಿ ದೊಡ್ಡ ಕೆಲಸವೇ. ಆದರೆ ಅಷ್ಟು ಮಳೆ ಬೀಳುವ ಜಾಗದಲ್ಲಿ ಗುಡ್ಡ ಬಗೆದರೆ ಮಣ್ಣು ಎಲ್ಲಿಗೆ ಹೋಗಬೇಕು? ಭದ್ರೆಗೆ.

1987ರಲ್ಲಿ ಕುದುರೆಮುಖದ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳ ಮುಖ್ಯ ನೆಲೆ ಇದು. ಪರಿಸರದವರ ಹೋರಾಟ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇದು ಸರಿಯಾದ ತೀರ್ಪು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಹಾಗಂತ ಅದರ ಬೆಲೆಯನ್ನು ಮರೆಯುವುದೂ ತಪ್ಪು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ ಎಲ್ಲಾ ಇದ್ದ ಟೌನ್‌ಶಿಪ್ ಖಾಲಿಯಾಯಿತು. ಕಳಸದ ಅಂಗಡಿ, ಲಾಡ್ಜ್, ಜೀಪಿನವರ ವ್ಯಾಪಾರ ಬಿತ್ತು. ಗಣಿಯ ಕೆಸರು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು ಈಗಲೂ ಅಲ್ಲೇ ಇದೆ. 2012ರಲ್ಲಿ ಯುನೆಸ್ಕೊ ಗುರುತಿಸಿದ ಪಶ್ಚಿಮ ಘಟ್ಟದ ವಿಶ್ವ ಪರಂಪರೆ ತಾಣಗಳಲ್ಲಿ ಕುದುರೆಮುಖವೂ ಸೇರಿತು.

ಕೆಮ್ಮಣ್ಣುಗುಂಡಿಯಲ್ಲೂ ಹಿಂದೆ ಅದಿರು ತೆಗೆದು ರೋಪ್‌ವೇಯಲ್ಲಿ ಇಳಿಸಿ ಭದ್ರಾವತಿ ಕಾರ್ಖಾನೆಗೆ ಕಳಿಸುತ್ತಿದ್ದರು.

ಪ್ರಶ್ನೆ: ಭದ್ರಾ ಅಭಯಾರಣ್ಯದಲ್ಲಿ ಹುಲಿ ಕಾಣುತ್ತವಾ?

ಇವೆ. ಕಾಣುವುದು ನಿಮ್ಮ ಅದೃಷ್ಟ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದು. ಮುತ್ತೋಡಿ ಕಡೆಯಿಂದಲೂ, ಲಕ್ಕವಳ್ಳಿ ಕಡೆಯಿಂದಲೂ ಸಫಾರಿ ಇದೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಹೊಳೆ ರೀವ (ರಿವರ್ ಟರ್ನ್) ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಹುಲಿ ಹುಡುಕಿ ಬೇಜಾರಾಗುವ ಬದಲು ಅದನ್ನು ನೋಡಲು ಬನ್ನಿ ಅಂತ ನನ್ನ ಸಲಹೆ.

ಈ ಕಾಡಿನ ಇನ್ನೊಂದು ಕತೆ ಪುನರ್ವಸತಿಯದ್ದು. 2002ರ ಸುಮಾರಿಗೆ ಕಾಡೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ.ಹಳ್ಳಿಗೆ, ಕೆಲವರು ಮೂಡಿಗೆರೆ ಕಡೆಗೆ ಹೊರಬಂದರು. ನೀರಾವರಿ ಜಮೀನು, ಮನೆ ಸಿಕ್ಕಿತು. ದೇಶದಲ್ಲಿ ಸರಿಯಾಗಿ ನಡೆದ ಸ್ಥಳಾಂತರ ಅಂತ ಇದನ್ನು ಉದಾಹರಣೆ ಕೊಡುತ್ತಾರೆ. ಇದಕ್ಕೂ ಮೊದಲು, ಭದ್ರಾ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾಗಿ ಎದ್ದುಹೋದ ಹಳ್ಳಿಗಳ ಹಿರಿಯರು ಮಾತ್ರ ಬೇರೆಯದೇ ನೆನಪು ಹೇಳುತ್ತಾರೆ.

ಪ್ರಶ್ನೆ: ಯಾವಾಗ ಬಂದರೆ ಚೆನ್ನ?

ಏನು ನೋಡಬೇಕು ಅನ್ನುವುದರ ಮೇಲೆ ಹೋಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಎಲ್ಲವೂ ಹಸಿರು, ಜಲಪಾತದಲ್ಲಿ ನೀರಿರುತ್ತದೆ, ರಸ್ತೆಯೂ ಪರವಾಗಿಲ್ಲ. ಡಿಸೆಂಬರ್, ಜನವರಿ ಚಳಿ, ಕಾಫಿ ಕುಯ್ಲು ನೋಡಬಹುದು. ಕಾಫಿ ಹೂವಿಗೆ ಮಾರ್ಚ್, ಏಪ್ರಿಲ್. ದಿನಾಂಕ ಹೇಳಲು ಆಗುವುದಿಲ್ಲ, ಮಳೆ ಬಿದ್ದ ಮೇಲೆ ಪರಿಚಯದವರಿಗೆ ಫೋನ್ ಮಾಡಿ. ಜೂನ್‌ನಿಂದ ಆಗಸ್ಟ್ ಮಳೆ ಇಷ್ಟಪಡುವವರಿಗೆ ಮಾತ್ರ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ಮನೆ, ತೋಟ ಕೊಚ್ಚಿಹೋದವು. ಚಾರ್ಮಾಡಿ ಘಾಟಿಯಲ್ಲಿ ತಿಂಗಳುಗಟ್ಟಲೆ ಓಡಾಟ ನಿಂತಿತ್ತು. ರೆಡ್ ಅಲರ್ಟ್ ಇದ್ದ ದಿನ ಬುಕಿಂಗ್ ದುಡ್ಡು ಹೋದರೂ ಹೋಗಲಿ, ಹೊರಡಬೇಡಿ.

ನೀಲಕುರಿಂಜಿ ಹೂವಿನ ಬಗ್ಗೆಯೂ ಕೇಳುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗಿಡ. 2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ಚೆನ್ನಾಗಿ ಅರಳಿತ್ತು.

ಪ್ರಶ್ನೆ: ವಾರಾಂತ್ಯಕ್ಕೆ ಮುಳ್ಳಯ್ಯನಗಿರಿಗೆ ಹೋಗಬಹುದಾ?

ಹೋಗಬಹುದು, ಆದರೆ ಸುಮ್ನೆ ಗಾಡಿ ಹತ್ತಿ ಹೊರಡುವ ಕಾಲ ಮುಗಿಯಿತು. ಗಿರಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿದ್ದಾರೆ, ಮುಂಗಡ ಬುಕಿಂಗ್ ಬೇಕು. ಕೈಮರ ಚೆಕ್‌ಪೋಸ್ಟಿನಲ್ಲಿ ವಾಪಸ್ ಕಳಿಸಿದರು ಅಂತ ಜಗಳ ಆಡಿ ಪ್ರಯೋಜನವಿಲ್ಲ. ರಸ್ತೆ ಕಿರಿದು, ತಿರುವು ಜಾಸ್ತಿ. ಎದುರಿಗೆ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು.

ಡಿಸೆಂಬರ್‌ನ ದತ್ತ ಜಯಂತಿ ಹೊತ್ತಿನಲ್ಲಿ ಕೆಲವು ದಿನ ಪ್ರವಾಸಿಗರಿಗೆ ಗಿರಿ ಬಂದ್ ಇರುತ್ತದೆ. ಬಾಬಾಬುಡನ್‌ಗಿರಿಯ ಗುಹೆ ದತ್ತಾತ್ರೇಯ ಪೀಠವೂ ಹೌದು, ದರ್ಗಾವೂ ಹೌದು. ತಲೆಮಾರುಗಳಿಂದ ಎರಡೂ ಕಡೆಯ ಜನ ನಡೆದುಕೊಂಡ ಜಾಗ. ಈಚಿನ ದಶಕಗಳ ವಿವಾದ ಕೋರ್ಟಿನ ಮೆಟ್ಟಿಲು ಹತ್ತಿದೆ.

ಕುದುರೆಮುಖ, ನೇತ್ರಾವತಿ ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು. ದಿನಕ್ಕೆ ಇಂತಿಷ್ಟೇ ಜನ. ಕೊನೇ ಗಳಿಗೆಯಲ್ಲಿ ಸಿಗುವುದಿಲ್ಲ.

ಪ್ರಶ್ನೆ: ದೇವಸ್ಥಾನಗಳಲ್ಲಿ ಯಾವುದನ್ನು ಬಿಡಬಾರದು?

ಶೃಂಗೇರಿ, ಹೊರನಾಡು ಎಲ್ಲರಿಗೂ ಗೊತ್ತು. ಶೃಂಗೇರಿಯಲ್ಲಿ ಶಾರದೆಯ ದರ್ಶನ ಮಾಡಿ ಊಟಕ್ಕೆ ಓಡುವ ಮೊದಲು ಹದಿನಾಲ್ಕನೇ ಶತಮಾನದ ವಿದ್ಯಾಶಂಕರ ದೇವಾಲಯವನ್ನು ನಿಧಾನವಾಗಿ ನೋಡಿ. ಒಳಗೆ ಹನ್ನೆರಡು ರಾಶಿಯ ಹನ್ನೆರಡು ಕಂಬಗಳಿವೆ. ಹತ್ತಿರದ ಕಿಗ್ಗದಲ್ಲಿ ಋಷ್ಯಶೃಂಗ ದೇವರು. ಮಳೆ ಬರದಿದ್ದರೆ ಬರಲಿ ಅಂತ, ಜಾಸ್ತಿಯಾದರೆ ನಿಲ್ಲಲಿ ಅಂತ, ಎರಡಕ್ಕೂ ಇಲ್ಲೇ ಪೂಜೆ. ಹೊರನಾಡಿನ ಅನ್ನಪೂರ್ಣೇಶ್ವರಿಯಲ್ಲಿ ಊಟ ಮಾಡದೆ ಬರಬೇಡಿ, ಹಾಗೇ ಕಳಸದ ಕಳಸೇಶ್ವರನನ್ನೂ ನೋಡಿ.

ಜನ ಬಿಟ್ಟುಹೋಗುವುದು ಹೊಯ್ಸಳರನ್ನು. ಬೇಲೂರು, ಹಳೇಬೀಡು ನೋಡಿ ಮುಗಿಸಿಬಿಡುತ್ತಾರೆ. ಚಿಕ್ಕಮಗಳೂರಿನಿಂದ ಮುಕ್ಕಾಲು ಗಂಟೆ ದೂರದ ಬೆಳವಾಡಿಯ ವೀರನಾರಾಯಣ ದೇವಸ್ಥಾನಕ್ಕೆ ಮೂರು ಗರ್ಭಗುಡಿ. ಮಂಟಪದ ಕಂಬಗಳ ಹೊಳಪು ಇವತ್ತಿಗೂ ಮಾಸಿಲ್ಲ. ತರೀಕೆರೆ ಹತ್ತಿರದ ಅಮೃತಾಪುರದ ಅಮೃತೇಶ್ವರ 1196ರದ್ದು. ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕೆತ್ತನೆ. ಎಷ್ಟೋ ದಿನ ಅಲ್ಲಿ ನೀವೊಬ್ಬರೇ ಇರುತ್ತೀರಿ. ಇನ್ನು ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ: ಹೊಯ್ಸಳರ ಮೂಲಸ್ಥಾನ ಸೊಸೆವೂರು ಇದೇ. ಸಳ ಹುಲಿ ಹೊಡೆದ ಕತೆ ನಡೆಯುವುದು ಇಲ್ಲಿಯ ವಾಸಂತಿಕಾ ದೇವಿಯ ಗುಡಿಯ ಹತ್ತಿರ. ದೊಡ್ಡ ಶಿಲ್ಪ ನಿರೀಕ್ಷಿಸಿ ಹೋಗಬೇಡಿ, ಕಾಫಿ ತೋಟದ ನಡುವಿನ ಸಣ್ಣ ಊರು. ಚಿಕ್ಕಮಗಳೂರು ಪೇಟೆಗೆ ಅಂಟಿಕೊಂಡೇ ಇರುವ ಹಿರೇಮಗಳೂರಿನ ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ ನಡೆಯುತ್ತದೆ.

ಪ್ರಶ್ನೆ: ಜಲಪಾತಗಳು?

ಹೆಬ್ಬೆ, ಕಲ್ಲತ್ತಿಗಿರಿ, ಸಿರಿಮನೆ, ಝರಿ. ಹೆಬ್ಬೆಗೆ ಇಲಾಖೆ ಒಪ್ಪಿದ ಜೀಪಿನಲ್ಲೇ ಹೋಗಬೇಕು. ಮಳೆಗಾಲದಲ್ಲಿ ಬಂಡೆಗಳು ಪಾಚಿ ಹಿಡಿದಿರುತ್ತವೆ, ಸೆಲ್ಫಿಗೆ ಅಂಚಿಗೆ ಹೋದವರು ಬಿದ್ದ ಸುದ್ದಿ ಪ್ರತಿ ವರ್ಷ ಬರುತ್ತದೆ.

ಪ್ರಶ್ನೆ: ಆನೆ, ಇಂಬಳ (ಜಿಗಣೆ), ಮಂಗನ ಕಾಯಿಲೆ, ನಕ್ಸಲರು... ಭಯ ಇಲ್ವಾ?

ಒಂದೊಂದಾಗಿ ಹೇಳುತ್ತೇನೆ. ಇಂಬಳ ಮಳೆಗಾಲದಲ್ಲಿ ಹತ್ತೇ ಹತ್ತುತ್ತದೆ. ಉಪ್ಪು, ನಶ್ಯ ಅಥವಾ ಸುಣ್ಣ ಇದ್ದರೆ ಬಿಡುತ್ತದೆ, ಪ್ರಾಣಕ್ಕೇನೂ ಆಗುವುದಿಲ್ಲ.

ಆನೆ ನಿಜವಾದ ಸಮಸ್ಯೆ, ಪ್ರವಾಸಿಗರಿಗಿಂತ ತೋಟದ ಕೆಲಸದವರಿಗೆ. ಮೂಡಿಗೆರೆ, ಆಲ್ದೂರು ಕಡೆ ಬೆಳಗ್ಗೆ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿ ಸತ್ತಿದ್ದಾರೆ. ಆನೆ ಎಲ್ಲಿದೆ ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ನೋಡಿಕೊಂಡು ಮಕ್ಕಳನ್ನು ಶಾಲೆಗೆ ಕಳಿಸುವ ಹಳ್ಳಿಗಳಿವೆ. ನೀವು ಉಳಿದ ಮನೆಯವರು ರಾತ್ರಿ ಹೊರಗೆ ಓಡಾಡಬೇಡಿ ಅಂದರೆ ಕೇಳಿ.

ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಜನವರಿಯಿಂದ ಮೇವರೆಗೆ ಕೊಪ್ಪ, ಎನ್.ಆರ್.ಪುರ, ಶೃಂಗೇರಿಯ ಕಾಡಂಚಿನಲ್ಲಿ ಎಚ್ಚರ ಬೇಕು. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಹೋಗಬೇಡಿ, ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಹೋಗಿಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಮಲೆನಾಡಿಗೆ ಹೋಗಿದ್ದೆ ಅಂತ ಹೇಳಿ.

ನಕ್ಸಲ್ ಚಟುವಟಿಕೆ ಇಲ್ಲಿ ಬೇರು ಬಿಟ್ಟಿದ್ದಕ್ಕೆ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯವೂ ಒಂದು ಕಾರಣ. 2025ರ ಜನವರಿಯಲ್ಲಿ ಆರು ಮಂದಿ ಶರಣಾದ ಮೇಲೆ ಆ ಅಧ್ಯಾಯ ಹೆಚ್ಚುಕಡಿಮೆ ಮುಗಿದಿದೆ. ಆದರೆ ಅರಣ್ಯದ ಗಡಿ, ಒತ್ತುವರಿ, ಸಿಗದ ಹಕ್ಕುಪತ್ರ, ಇವುಗಳ ಜಗಳ ಇನ್ನೂ ಪ್ರತಿ ಗ್ರಾಮಸಭೆಯಲ್ಲೂ ಇದೆ.

ಪ್ರಶ್ನೆ: ಇಂದಿರಾ ಗಾಂಧಿ ಗೆದ್ದಿದ್ದು ಇಲ್ಲಿಂದಲೇ?

ಹೌದು. 1978ರ ಲೋಕಸಭಾ ಉಪಚುನಾವಣೆಯಲ್ಲಿ, ವೀರೇಂದ್ರ ಪಾಟೀಲರ ಎದುರು. ವಯಸ್ಸಾದವರು ಸಿಕ್ಕರೆ ಕೇಳಿ, ಅರ್ಧ ದಿನ ಹೇಳುತ್ತಾರೆ.

ಪ್ರಶ್ನೆ: ಬರುವುದು ಹೇಗೆ?

ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಸುಮಾರು 245 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ. ರೈಲು ಚಿಕ್ಕಮಗಳೂರಿಗೆ ಬಂದಿದ್ದೇ 2013ರಲ್ಲಿ, ಕಡೂರಿನಿಂದ ಒಂದು ಕವಲು. ಗಾಡಿಗಳು ಕಡಿಮೆ. ಕಡೂರು ಅಥವಾ ಬೀರೂರಿನಲ್ಲಿ ಇಳಿದು ಬಸ್ಸು ಹಿಡಿಯುವುದೇ ಸುಲಭ. ವಿಮಾನಕ್ಕೆ ಮಂಗಳೂರು, ಇಲ್ಲವೇ 2023ರಲ್ಲಿ ಶುರುವಾದ ಶಿವಮೊಗ್ಗ.

ನಕ್ಷೆ ತೋರಿಸುವ ಸಮಯವನ್ನು ನಂಬಬೇಡಿ. ಚಿಕ್ಕಮಗಳೂರಿನಿಂದ ಹೊರನಾಡಿಗೆ ನೂರೇ ಕಿಲೋಮೀಟರ್, ಆದರೆ ಮೂರು ಗಂಟೆ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಶೃಂಗೇರಿ ಮೂರನ್ನೂ ಮಾಡಿಸುತ್ತೇವೆ ಅನ್ನುವ ಪ್ಯಾಕೇಜಿನಲ್ಲಿ ನೀವು ನೋಡುವುದು ಗಾಡಿಯ ಕಿಟಕಿ ಮಾತ್ರ.

ಪ್ರಶ್ನೆ: ಊಟ ಏನು ವಿಶೇಷ?

ಅಕ್ಕಿರೊಟ್ಟಿ, ಕಡುಬು, ಅದಕ್ಕೆ ಕೋಳಿಸಾರು ಅಥವಾ ಕಾಯಿಚಟ್ನಿ. ಮಳೆಗಾಲದಲ್ಲಿ ಕಳಲೆ, ಅಣಬೆ, ಕೆಸುವಿನ ಎಲೆಯ ಪತ್ರೊಡೆ. ಚಾರ್ಮಾಡಿ ಘಾಟಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನುವುದು ಪದ್ಧತಿ. ಕಡೂರಿಗೆ ಇಳಿದರೆ ರಾಗಿಮುದ್ದೆ, ಸೊಪ್ಪಿನ ಸಾರು. ಹಳೆಯ ತೋಟದ ಮನೆಗಳಲ್ಲಿ ಬೆಲ್ಲದ ಕಾಫಿ ಕೊಟ್ಟರೆ ಬೇಡ ಅನ್ನಬೇಡಿ.

ಪ್ರಶ್ನೆ: ಏನು ಕೊಂಡೊಯ್ಯಬೇಕು?

ಕಾಫಿಪುಡಿ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಅಂತ ಕೇಳಿ. ಚಿಕೋರಿ ಹಾಕಿದರೆ ತಪ್ಪೇನಿಲ್ಲ, ಕಾಫಿಯ ಬೆಲೆಗೆ ಚಿಕೋರಿ ಕೊಳ್ಳಬಾರದು ಅಷ್ಟೇ. ಪೇಟೆಯ ಅಂಗಡಿಗಳಲ್ಲಿ ಎದುರಿಗೇ ಹುರಿದು ಪುಡಿ ಮಾಡಿಕೊಡುತ್ತಾರೆ.

ಪ್ರಶ್ನೆ: ಹೋಂಸ್ಟೇ ಹೇಗೆ ಆರಿಸುವುದು?

ಮನೆಯವರು ಅದೇ ಜಾಗದಲ್ಲಿ ಇರುತ್ತಾರಾ ಅಂತ ಕೇಳಿ. ಇದ್ದರೆ ಅದು ಹೋಂಸ್ಟೇ, ಇಲ್ಲದಿದ್ದರೆ ಕಾಡಿನ ಪಕ್ಕದ ಲಾಡ್ಜ್. ನೋಂದಣಿ ಆಗಿದೆಯಾ, ರಸ್ತೆ ಸಣ್ಣ ಕಾರಿಗೆ ಆಗುತ್ತದಾ, ಮೊಬೈಲ್ ನೆಟ್‌ವರ್ಕ್ ಯಾವುದು ಸಿಗುತ್ತದೆ, ಕರೆಂಟ್ ಹೋದರೆ ಏನು ವ್ಯವಸ್ಥೆ, ಇಷ್ಟು ಮೊದಲೇ ಕೇಳಿ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಸುದ್ದಿಯೇ ಅಲ್ಲ.

ಪ್ರಶ್ನೆ: ದಾರಿಬದಿಯ ಕಾಫಿ ತೋಟದೊಳಗೆ ಹೋಗಿ ಫೋಟೋ ತೆಗೆಯಬಹುದಾ?

ಕೇಳಿ ಹೋಗಿ. ಬೇಲಿ ಕಾಣದಿದ್ದರೂ ಅದು ಯಾರದ್ದೋ ಜಮೀನು. ಗೇಟಿನ ಹತ್ತಿರ ರೈಟರ್ ಇದ್ದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಸಮಯ ಇದ್ದರೆ ಪಲ್ಪರನ್ನೂ ತೋರಿಸುತ್ತಾರೆ. ಹೂ ಬಿಟ್ಟಾಗ ಕೊಂಬೆ ಅಲ್ಲಾಡಿಸಬೇಡಿ, ಹಣ್ಣಿದ್ದಾಗ ಕೀಳಬೇಡಿ. ಕಣದಲ್ಲಿ ಒಣಗಿಸಿದ ಕಾಫಿಯ ಮೇಲೆ ಚಪ್ಪಲಿ ಹಾಕಿ ನಡೆಯಬೇಡಿ. ಹೆಣ್ಣುಮಕ್ಕಳು ಹಣ್ಣು ಕುಯ್ಯುತ್ತಿದ್ದರೆ ಕ್ಯಾಮೆರಾ ಎತ್ತುವ ಮೊದಲು ಅವರನ್ನೂ ಒಂದು ಮಾತು ಕೇಳಿ. ಅವರಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ, ನಿಮಗಾಗಿ ನಿಂತಷ್ಟು ಹೊತ್ತು ಅವರಿಗೆ ನಷ್ಟ.